ನಾಲ್ಕು ಕಾಲಿನ ಸವತಿ

ಜೀವಮಾನದಲ್ಲಿ ನಾನು ಯಾವ ಹೆಂಗಸಿನ ಮೇಲೂ ಹೊಟ್ಟೆಕಿಚ್ಚು ಪಟ್ಟವಳಲ್ಲ. ಓರಗಿತ್ತಿಯರು ಹೊಸ ಇಳಕಲ್ಲ ಸೀರೆ ಉಟ್ಟು ಬೇಕೆಂದೇ ನನ್ನೆದುರು ಸುಳಿದಾಡಿದರೂ ನನ್ನ ಹೊಟ್ಟೆ ತಣ್ಣಗಿರುತ್ತಿತ್ತು. ನನ್ನ ಹೊಟ್ಟೆ ಉರಿಸಿದ್ದು ಒಂದು ಕುರಿ. ಕಪ್ಪು ಉಣ್ಣೆಯ, ಕೊರಳು ಬೋಳಿಸಿಕೊಂಡ, ನೋಡಲು ಏನೇನೂ ಚೆಂದವಿಲ್ಲದ ಒಂದು ಹೆಣ್ಣು ಕುರಿ. ನಗುವವರು ನಗಲಿ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಅದರ ಮುಖ ನೋಡಿದ ಅರ್ಧದಷ್ಟಾದರೂ ನನ್ನ ಮುಖ ನೋಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಮ್ಮದು ಕುರಿ ಕಾಯುವವರ ಮನೆತನ. ಖಾನಾಪುರ ತಾಲೂಕಿನಲ್ಲಿ, ಪಾರಿಶ್ವಾಡದ ಆಚೆ ಒಂದು ಸಣ್ಣ ಹಳ್ಳಿ. ಅಪ್ಪನದು ದೊಡ್ಡ ಹಿಂಡು. ಕುರಿಯೆಂದರೆ ನಮಗೆ ಕಂಬಳಿ, ಹೊಲಕ್ಕೆ ಗೊಬ್ಬರ, ಹಬ್ಬದ ದಿನದ ಊಟ. ಅದರ ಮೇಲೆ ನಮಗೆ ಕಾಳಜಿ ಇತ್ತು, ಮಳೆ ಬಂದರೆ ನಮ್ಮ ಹೊದಿಕೆ ತೆಗೆದು ಮರಿಗಳಿಗೆ ಹೊದಿಸುತ್ತಿದ್ದೆವು. ಆದರೆ ಮುದ್ದು ಮಾಡುವ ರೂಢಿ ಇರಲಿಲ್ಲ. ಮರಿ ಸತ್ತರೆ ಅಪ್ಪ ಒಂದು ನಿಟ್ಟುಸಿರು ಬಿಟ್ಟು ತೊಗಲು ಸುಲಿಯಲು ಕೂಡುತ್ತಿದ್ದ. ಹೀಗಿರುವಾಗ ಒಂದು ಕುರಿಯ ಮೇಲೆ ಜೀವ ಇಟ್ಟುಕೊಂಡ ಗಂಡಸು ನನಗೇ ಗಂಟು ಬೀಳುತ್ತಾನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ನನಗೆ ಗಂಡು ನೋಡಲು ಶುರು ಮಾಡಿದರು. ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕಿರುವ ಹುಡುಗ, ನಮ್ಮವನೇ, ಪಕ್ಕದ ಊರಿನವನು ಎಂದು ಸುದ್ದಿ ಬಂತು. ಆಸ್ಪತ್ರೆಯ ಹಿಂದೆ ಪ್ರಾಣಿಗಳನ್ನು ಸಾಕುವ ಒಂದು ಕೋಣೆಯಿತ್ತು. ಮೊಲ, ಬಿಳಿ ಇಲಿ, ಜೊತೆಗೆ ಕೆಲವು ಕುರಿ. ಕುರಿಗಳನ್ನು ಸಂಭಾಳಿಸಬಲ್ಲವನು ಎಂದೇ ಆ ಹುಡುಗನನ್ನು, ಅಂದರೆ ನಮ್ಮ ಮನೆಯವರನ್ನು, ಅಲ್ಲಿ ಇಟ್ಟುಕೊಂಡಿದ್ದರು. ಕುರಿಯ ಕೊರಳಿನ ನರಕ್ಕೆ ಸೂಜಿ ಹಾಕಿ ರಕ್ತ ತೆಗೆದು ಬಾಟಲಿಯಲ್ಲಿ ತುಂಬಿ ಒಳಗೆ ಕೊಡುವುದು ಅವರ ಕೆಲಸ. ಆ ರಕ್ತ ಒಳಗೆ ಹೋಗಿ ಏನಾಗುತ್ತದೆಂದು ನಮ್ಮ ಸುತ್ತಿನ ಹಳ್ಳಿಗಳಲ್ಲಿ ಯಾರೂ ಕೇಳಲಿಲ್ಲ. ಕೇಳುವುದೇನಿತ್ತು? ಆಸ್ಪತ್ರೆಯಲ್ಲಿ ರೋಗಿಗಳಿಗೆ ಬಾಟಲಿಯಿಂದ ರಕ್ತ ಹಾಕುವುದನ್ನು ಕಂಡು ಬಂದವರಿದ್ದರು. ಕುರಿಯಿಂದ ಬಾಟಲಿಗೆ ರಕ್ತ ಇಳಿಸುವವನೂ ನಮ್ಮವನೇ. ನಡುವಿನ ದಾರಿಯನ್ನು ಎಲ್ಲರೂ ತಾವೇ ಹಾಕಿಕೊಂಡರು. ಬೆಳಗಾವಿಯಲ್ಲಿ ಮಂದಿಗೆ ಕುರಿಯ ರಕ್ತ ಹಾಕಿ ಬದುಕಿಸುತ್ತಾರೆ ಎಂದು ಊರೆಲ್ಲ ಮಾತಾಯಿತು.

ನಮ್ಮ ಮನೆಗಳಲ್ಲಿ ಇದು ನಂಬಲಾಗದ ಮಾತೇನೂ ಆಗಿರಲಿಲ್ಲ. ಬಾಣಂತಿ ಬಿಳಚಿಕೊಂಡರೆ, ಹುಡುಗಿಯರು ಕಣ್ಣು ಕತ್ತಲೆ ಬಂದು ಬಿದ್ದರೆ, ಕುರಿ ಕೊಯ್ದ ದಿನ ರಕ್ತವನ್ನು ಬೋಗುಣಿಯಲ್ಲಿ ಹಿಡಿದು, ಹೆಪ್ಪಾದ ಮೇಲೆ ಉಳ್ಳಾಗಡ್ಡಿ ಖಾರ ಹಾಕಿ ಹುರಿದು ತಿನ್ನಿಸುತ್ತಿದ್ದರು. ತಿಂದವರ ಮುಖಕ್ಕೆ ಕಳೆ ಬರುತ್ತಿತ್ತು. ಹೊಟ್ಟೆಯ ದಾರಿಯಿಂದ ಹೋದ ರಕ್ತ ಇಷ್ಟು ಕೆಲಸ ಮಾಡಿದರೆ ನೇರವಾಗಿ ನರಕ್ಕೆ ಹೋದದ್ದು ಇನ್ನೆಷ್ಟು ಮಾಡೀತು ಎಂಬುದು ನನ್ನ ಅವ್ವನ ಲೆಕ್ಕ. ನಿಶ್ಚಯದ ದಿನ ಅಪ್ಪ ಹತ್ತು ಮಂದಿಯ ನಡುವೆ ಕೂತು ಗಟ್ಟಿಯಾಗಿ ಹೇಳಿದ, "ಆ ಹುಡುಗನ ಕೈಯಾಗ ಮಂದಿ ಜೀವ ಐತಿ. ನನ್ನ ಮಗಳಿಗೆ ಎಂದೂ ರಕ್ತ ಕಡಿಮಿ ಬೀಳೂದಿಲ್ಲ."

ಇವರು ತಲೆ ತಗ್ಗಿಸಿ ಕೂತಿದ್ದರು. ನಾಚಿಕೆ ಎಂದುಕೊಂಡೆ. ಹೆಣ್ಣಿಗಿಂತ ಹೆಚ್ಚು ನಾಚುವ ಗಂಡು ಎಂದು ನನ್ನ ಗೆಳತಿಯರು ಚೇಷ್ಟೆ ಮಾಡಿದರು. ನನಗೂ ಅದು ಇಷ್ಟವೇ ಆಯಿತು.

ಹಿಂಡಲಗಾದ ಕಡೆ ಒಂದು ಬಾಡಿಗೆ ಕೋಣೆಯಲ್ಲಿ ನಮ್ಮ ಸಂಸಾರ ಶುರುವಾಯಿತು. ನಾನು ಏಳನೆಯ ಇಯತ್ತೆವರೆಗೆ ಓದಿದವಳು, ಮಾತಿನಲ್ಲಿ ಯಾರಿಗೂ ಸೋಲದವಳು. ನಮ್ಮ ಮನೆಯವರದು ಮಾತು ಕಮ್ಮಿ. ಆಡುವ ನಾಲ್ಕು ಮಾತಿನಲ್ಲಿ ಎರಡು ಅವಳದೇ. ಇವತ್ತು ಅಕಿಗೆ ಸುಸ್ತಾಗಿತ್ತು, ಅಕಿ ನೀರು ಕುಡಿಯಲಿಲ್ಲ, ಅಕಿ ಸೂಜಿ ನೋಡಿದರೂ ಅಲುಗಾಡುವುದಿಲ್ಲ. ಮೊದಲ ವಾರ ನಾನು ಎದೆ ಹಿಡಿದುಕೊಂಡೇ ಕೇಳಿಸಿಕೊಂಡೆ. ಆಸ್ಪತ್ರೆಯಲ್ಲಿ ಯಾರೋ ನರ್ಸು ಇರಬೇಕೆಂದು ಒಳಗೊಳಗೇ ಬೆಂದೆ. ಕೊನೆಗೆ ಅಕಿ ಎಂದರೆ ಕುರಿ ಎಂದು ತಿಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ಬಹಳ ದಿನ ಬಾಳಲಿಲ್ಲ.

ಅಲ್ಲಿದ್ದ ಕುರಿಗಳಲ್ಲಿ ಅದರ ನರವೇ ಒಳ್ಳೆಯದಂತೆ. ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಉಬ್ಬಿ ಬರುತ್ತಿತ್ತಂತೆ. ಬೇರೆ ಕುರಿಗಳನ್ನು ಇಬ್ಬರು ಹಿಡಿಯಬೇಕು, ಇದು ತಾನಾಗಿ ಬಂದು ಕೊರಳು ಕೊಡುತ್ತಿತ್ತಂತೆ. ಇಷ್ಟನ್ನು ಹೇಳುವಾಗ ಆ ಮನುಷ್ಯನ ಮುಖದಲ್ಲಿ ಬರುತ್ತಿದ್ದ ಬೆಳಕನ್ನು ನನ್ನ ಅಡುಗೆ ಒಂದು ದಿನವೂ ಬರಿಸಲಿಲ್ಲ. ರವಿವಾರ ರಜೆ ಇದ್ದರೂ ಒಮ್ಮೆ ಹೋಗಿ ನೋಡಿ ಬರುತ್ತೇನೆ ಎಂದು ಎದ್ದು ಹೋಗುತ್ತಿದ್ದರು. ಮನೆಯಲ್ಲಿ ಚಹಾದ ಲೋಟ ಹಿಡಿದು ಕೂತರೆ ಅದನ್ನು ಸುಮ್ಮನೆ ಗುಂಡಗೆ ತಿರುಗಿಸುತ್ತಿದ್ದರು. ರಕ್ತ ಹೆಪ್ಪುಗಟ್ಟದಂತೆ ಬಾಟಲಿಯೊಳಗೆ ಗಾಜಿನ ಮಣಿ ಹಾಕಿ ಬಹಳ ಹೊತ್ತು ತಿರುಗಿಸಬೇಕಂತೆ, ಕೈಗೆ ಅದೇ ರೂಢಿಯಾಗಿತ್ತು. ನಾನು ಎದುರಿಗೆ ಕೂತಾಗಲೂ ಆ ಕೈ ಅವಳ ಕೆಲಸವನ್ನೇ ಮಾಡುತ್ತಿತ್ತು.

ಇದೆಲ್ಲ ಹೇಗೋ ಸಹಿಸಿಕೊಂಡೆ. ಸೊಪ್ಪನ್ನು ಮಾತ್ರ ಸಹಿಸಲಾಗಲಿಲ್ಲ. ಸಂಜೆ ಪೇಟೆಯಲ್ಲಿ ಕಾಯಿಪಲ್ಲೆ ಮಾರುವವರು ಎದ್ದು ಹೋಗುವ ಹೊತ್ತಿಗೆ ಅಲ್ಲಿ ಹೋಗಿ ಕೋಸಿನ ಮೇಲಿನ ಎಲೆ, ಮೆಂತ್ಯದ ಕಡ್ಡಿ, ಗಜ್ಜರಿಯ ಸೊಪ್ಪು ಆರಿಸಿ ಚೀಲ ತುಂಬಿಕೊಂಡು ಬರುತ್ತಿದ್ದರು. ಮನೆಗೆ ಬಂದ ಚೀಲವನ್ನು ನಾನು ಆಸೆಯಿಂದ ಬಿಚ್ಚಿದರೆ, ಅದು ನಿನಗಲ್ಲ ಎಂದು ತೆಗೆದಿಡುತ್ತಿದ್ದರು. ಬಾಡದಿರಲಿ ಎಂದು ನನ್ನ ಕುಡಿಯುವ ನೀರಿನ ಕೊಡದ ಬಾಜೂಕ್ಕೆ, ತಂಪಿನಲ್ಲಿ ಇಡುತ್ತಿದ್ದರು. ಆಸ್ಪತ್ರೆಯವರು ಅದಕ್ಕೆ ಮೇವು ಹಾಕುವುದಿಲ್ಲವೇ? ಹಾಕುತ್ತಿದ್ದರು. ಇದು ಮೇಲಿನದು, ಇವರ ಪ್ರೀತಿಯದು. ನನಗೆ ಮದುವೆಯಾದಾಗಿನಿಂದ ಒಂದು ಮಾರು ಮಲ್ಲಿಗೆ ತಂದವರಲ್ಲ.

ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ. ಹಿಂಡಿನಲ್ಲಿ ಹುಟ್ಟಿ ಬೆಳೆದವರು ನೀವು, ಒಂದು ಕುರಿಗೆ ದಿನಾ ಉಡುಗೊರೆ ಒಯ್ಯುವುದೆಂದರೇನು ಎಂದೆ. ಅವರು ಸೊಪ್ಪಿನ ಚೀಲದ ಬಾಯಿ ಕಟ್ಟುತ್ತ, "ನಾ ಅಕಿಗೆ ಸೂಜಿ ಚುಚ್ಚಾಂವ. ಬರಿಗೈಲೆ ಹೆಂಗ ಹೋಗ್ಲಿ?" ಅಂದರು.

"ಹಂಗಾರ ನನಗೂ ಒಂದ ಸೂಜಿ ಚುಚ್ಚರಿ," ಅಂದೆ ನಾನು. "ಆಗರ ಏನರ ತಂದೀರಿ."

ಅವರು ನಕ್ಕರು. ನಾನು ನಗಿಸಲು ಹೇಳಿದ ಮಾತಲ್ಲ ಅದು. ಅವತ್ತು ರೊಟ್ಟಿ ಬಡಿಯುವಾಗ ನನ್ನ ಕೈಯ ಸಪ್ಪಳಕ್ಕೆ ಪಕ್ಕದ ಮನೆಯವರು ಇಣುಕಿ ನೋಡಿದರು.

ಕೊನೆಗೊಮ್ಮೆ ಸವತಿಯನ್ನು ಕಣ್ಣಾರೆ ನೋಡಬೇಕೆಂದು ಮಧ್ಯಾಹ್ನದ ಬುತ್ತಿ ಕೊಡುವ ನೆಪದಲ್ಲಿ ಆಸ್ಪತ್ರೆಗೆ ನಡೆದೆ. ಹಿಂದುಗಡೆ ತಗಡಿನ ಮಾಡಿನ ಕೋಣೆ. ನಮ್ಮ ಮನೆಯವರು ಮೊಣಕಾಲೂರಿ ಕೂತಿದ್ದರು. ಅವಳು ಅವರ ತೊಡೆಯ ಮೇಲೆ ಗದ್ದ ಇಟ್ಟು ನಿಂತಿದ್ದಳು. ಕೊರಳಿನ ಉಣ್ಣೆ ಕತ್ತರಿಸಿ ತೊಗಲು ಕಾಣುವಂತೆ ಮಾಡಿದ್ದರು. ಹೆಬ್ಬೆರಳು ಒತ್ತಿದರು, ಸೂಜಿ ಹೋಯಿತು, ಕೆಂಪು ಬಾಟಲಿಗೆ ಇಳಿಯತೊಡಗಿತು. ಅವಳು ಕಣ್ಣು ಮಿಟುಕಿಸಲಿಲ್ಲ. ಇವರು ಅದರ ಕಿವಿಯ ಹತ್ತಿರ ಬಾಯಿಟ್ಟು ಏನೇನೋ ಮೆಲ್ಲಗೆ ಹೇಳುತ್ತಿದ್ದರು. ಆ ಮೆಲು ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ನನ್ನನ್ನು ಕಂಡು, ತಡಿ, ಇದು ಹೆಪ್ಪುಗಟ್ಟುತ್ತದೆ ಎಂದು ಬಾಟಲಿ ತಿರುಗಿಸತೊಡಗಿದರು. ನಾನು ಬುತ್ತಿ ಹಿಡಿದು ಬಿಸಿಲಲ್ಲಿ ನಿಂತೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ಮೆಲುಕು ಹಾಕಿದಳು. ನನ್ನ ಮೈಯೆಲ್ಲ ಉರಿದುಹೋಯಿತು.

ಮರುವರ್ಷ ನಾನು ಬಸುರಾದೆ. ಐದು ತಿಂಗಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಅಂಗೈ ಬೆಳ್ಳಗಾದವು. ಹಂಚಿನ ಚೂರು ಕಂಡರೆ ಬಾಯಿಗೆ ಹಾಕಿಕೊಳ್ಳುವ ಚಪಲ ಹತ್ತಿತು, ಯಾರೂ ನೋಡದಾಗ ಕಟಕಟ ಕಡಿಯುತ್ತಿದ್ದೆ. ಆಸ್ಪತ್ರೆಯಲ್ಲಿ ಹೆಂಗಸರನ್ನು ನೋಡುವ ಲೇಡಿ ಡಾಕ್ಟರು, ನಾವೆಲ್ಲ ಡಾಕ್ಟರ ಬಾಯಿ ಎನ್ನುತ್ತಿದ್ದವರು, ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ ಗಾಬರಿಯಾದರು. ಇವಳಲ್ಲಿ ರಕ್ತವೇ ಇಲ್ಲ, ಹೀಗೇ ಹೆತ್ತರೆ ತಾಯಿ ಉಳಿಯುವುದು ಕಷ್ಟ, ಈಗಲೇ ಸೇರಿಸಿ, ರಕ್ತ ಹಾಕಬೇಕು, ಮನೆಯವರು ಯಾರಾದರೂ ಬಂದು ಕೊಡಲಿ ಎಂದರು. ನಮ್ಮ ಮನೆಯವರು ತಾವೇ ಮೊದಲು ತೋಳು ಚಾಚಿದರು. ಪರೀಕ್ಷೆ ಮಾಡಿ ಕೂಡುವುದಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ಕೂಡಿತ್ತು, ರಕ್ತ ಕೂಡಲಿಲ್ಲ. ಹಾಸಿಗೆಯ ಮೇಲೆ ಮಲಗಿದ ನನಗೆ ಅದೂ ಒಂದು ಕೊರಗಾಯಿತು.

ಊರಿಗೆ ಸುದ್ದಿ ಹೋಗಿ ನನ್ನ ಇಬ್ಬರು ಅಣ್ಣಂದಿರು ಬಂದರು. ಟಗರನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟುವ ಗಟ್ಟಿಗರು. ರಕ್ತ ಕೊಟ್ಟ ಗಂಡಸು ಆಮೇಲೆ ಗಂಡಸಾಗಿ ಉಳಿಯುವುದಿಲ್ಲ ಎಂದು ಬಸ್ಸಿನಲ್ಲಿ ಯಾರೋ ಕಿವಿಯಲ್ಲಿ ಊದಿದ್ದರು. ದೊಡ್ಡವನು ಚಹಾ ಕುಡಿದು ಬರುತ್ತೇನೆಂದು ಹೋದ. ಅವನನ್ನು ಹುಡುಕಿ ತರುತ್ತೇನೆಂದು ಸಣ್ಣವನು ಹೋದ. ಇಬ್ಬರೂ ಖಾನಾಪುರದ ಬಸ್ಸು ಹತ್ತಿ ಕಾಲಿಗೆ ಬುದ್ಧಿ ಹೇಳಿದ್ದರು.

ಆ ಸಂಜೆ ನಾನು ನಮ್ಮ ಮನೆಯವರ ಕೈ ಹಿಡಿದು ಕೇಳಿದೆ. ಅಭಿಮಾನವೆಲ್ಲ ನುಂಗಿ ಕೇಳಿದೆ. ಸವತಿಯ ಹತ್ತಿರ ಸಾಲ ಕೇಳಿದಷ್ಟು ನಾಚಿಕೆಯಾಗುತ್ತಿತ್ತು.

"ನಿಮ್ಮ ಕುರಿ ರಕ್ತಾನರ ಹಾಕಸ್ರಿ ನನಗ."

ಅವರು ಕೈ ಬಿಡಿಸಿಕೊಂಡರು. "ಅದು ನಿನಗ ಆಗಂಗಿಲ್ಲ."

"ಆಗಂಗಿಲ್ಲೋ, ಅಕೀದು ಕೊಡಾಕ ಮನಸ್ಸಿಲ್ಲೋ?"

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬಿಟ್ಟರೆ ತಾನೇ? ಊರ ಮಂದಿಗೆಲ್ಲ ಕೊಡುತ್ತಾಳೆ, ನನಗೆ ಮಾತ್ರ ಆಗುವುದಿಲ್ಲವೇ, ಅವಳಿಗೆ ದಣಿವಾಗುತ್ತದೆಂದು ಹೆಂಡತಿಯನ್ನು ಸಾಯಲು ಬಿಡುತ್ತೀರಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರ ಮುಖ ಸಣ್ಣದಾಯಿತು. ಎದ್ದು ಹೊರಗೆ ಹೋದರು. ಪ್ರಾಣಿಗಳ ಕೋಣೆಯ ಕಡೆಗೇ ಹೋಗಿರಬೇಕೆಂದು ನನಗೆ ಖಾತ್ರಿಯಿತ್ತು. ನಾನು ಬದುಕುತ್ತೇನೋ ಇಲ್ಲವೋ ಎನ್ನುವುದಕ್ಕಿಂತ, ನಾನು ಸತ್ತ ಮೇಲೂ ಅವಳು ಅಲ್ಲೇ ನಿಂತು ಇವರ ತೊಡೆಯ ಮೇಲೆ ಗದ್ದ ಇಟ್ಟುಕೊಂಡಿರುತ್ತಾಳೆ ಎಂಬುದೇ ನನ್ನನ್ನು ಸುಡುತ್ತಿತ್ತು. ಖಾನಾಪುರದಿಂದ ಹಂಚು ತರುವ ಲಾರಿಯೊಂದರಲ್ಲಿ ನಮ್ಮೂರಿನವನೊಬ್ಬನಿದ್ದ, ಆ ಸಂಜೆ ನನ್ನನ್ನು ನೋಡಲು ಬಂದ. ಅವನ ಬಾಯಲ್ಲಿ ಅವ್ವನಿಗೆ ಹೇಳಿ ಕಳಿಸಿದೆ: ಅಳಿಯ ತನ್ನ ಕುರಿಯ ರಕ್ತ ಕೊಡಲು ಒಲ್ಲೆ ಅನ್ನುತ್ತಾನೆ.

ಅವ್ವ ಬೈಯಲು ಬರುತ್ತಾಳೆಂದು ನಾನು ಎಣಿಸಿದ್ದೆ. ಅವಳು ಬಂದ ರೀತಿಯೇ ಬೇರೆ. ಮರುದಿನ ಬಿಸಿಲೇರುವ ಹೊತ್ತಿಗೆ ಆಸ್ಪತ್ರೆಯ ಗೇಟಿನ ಹತ್ತಿರ ಗದ್ದಲ ಕೇಳಿತು. ನಾನು ಗೋಡೆ ಹಿಡಿದುಕೊಂಡು ಪಡಸಾಲೆಯವರೆಗೆ ಬಂದು ನೋಡಿದೆ. ಅವ್ವ ಗೇಟಿನೊಳಗೆ ನಿಂತಿದ್ದಳು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ನಮ್ಮ ಹಿಂಡಿನ ಎಲ್ಲಕ್ಕಿಂತ ಒಳ್ಳೆಯ ಕುರಿ. ಹಂಚಿನ ಲಾರಿಯಲ್ಲಿ ತಂದಿದ್ದಳು. ಮೈ ತೊಳೆದು, ಹಣೆಗೆ ದೇವರ ಭಂಡಾರದ ಅರಿಸಿನ ಹಚ್ಚಿ ತಂದಿದ್ದಳು. ಹಿಂದೆ ಅಪ್ಪ. ಅಪ್ಪನ ಹಿಂದೆ ಕುರಿಗಿಂತಲೂ ತಲೆ ತಗ್ಗಿಸಿಕೊಂಡು ನನ್ನ ಅಣ್ಣಂದಿರು. ಗೇಟು ಕಾಯುವವನು ಕುರಿಯನ್ನು ಹೊರಗೆ ದಬ್ಬುತ್ತಿದ್ದ, ಅವ್ವ ಅವನನ್ನು ದಬ್ಬುತ್ತಿದ್ದಳು. ಅಷ್ಟರಲ್ಲಿ ನಮ್ಮ ಮನೆಯವರೂ ಡಾಕ್ಟರ ಬಾಯಿಯವರೂ ಬಂದರು.

"ಅಳಿಯಾರ ಕುರಿಗೆ ತ್ರಾಸ ಕೊಡೂದು ಬ್ಯಾಡ್ರಿ," ಅಂದಳು ಅವ್ವ. "ನಮ್ಮ ಮನೀದ ತಂದೀನಿ. ಎಷ್ಟ ಬೇಕೋ ಅಷ್ಟ ತಗೊಂಡ ನನ್ನ ಮಗಳಿಗೆ ಹಾಕ್ರಿ."

ಡಾಕ್ಟರ ಬಾಯಿಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಮನೆಯವರಿಗೆ ತಿಳಿಯಿತು. ಅವರು ನನ್ನ ಅಪ್ಪನ ಮುಖ ನೋಡಿದರು, ನನ್ನ ಅಣ್ಣಂದಿರ ಮುಖ ನೋಡಿದರು, ಸುತ್ತ ನೆರೆದ ಮಂದಿಯನ್ನು ನೋಡಿದರು. ಆಮೇಲೆ ನೆಲ ನೋಡುತ್ತ ಹೇಳಿದರು.

"ಅತ್ತಿ, ಕುರಿ ರಕ್ತ ಮನಷ್ಯಾರಿಗೆ ಹಾಕೂದಿಲ್ಲ. ಇಲ್ಲೆ ಎಂದೂ ಹಾಕಿಲ್ಲ. ಹಾಕಿದ್ರ ಅಕಿ ಸಾಯ್ತಾಳ."

ಅವರ ಬಾಯಲ್ಲಿ ಅಕಿ ಎಂದರೆ ನಾನು ಎಂದಾದದ್ದು ಅದೇ ಮೊದಲು. ಆದರೆ ಅದನ್ನು ಸವಿಯುವ ಹೊತ್ತು ಅದಾಗಿರಲಿಲ್ಲ. ಅಪ್ಪನ ಮುಖ ಕಪ್ಪಿಟ್ಟಿತು. ಹಾಗಾದರೆ ನಿಶ್ಚಯದ ದಿನ ಹತ್ತು ಮಂದಿಯ ನಡುವೆ ನಾನು ಹೇಳಿದಾಗ ಸುಮ್ಮನೆ ಕೂತದ್ದೇಕೆ ಎಂದು ಕೇಳಿದ. ನಾನಾಗಿ ಸುಳ್ಳು ಹೇಳಲಿಲ್ಲ, ನೀವು ಹೇಳಿದ್ದನ್ನು ಅಲ್ಲ ಅನ್ನಲೂ ಇಲ್ಲ, ಅಲ್ಲ ಅಂದಿದ್ದರೆ ಹೆಣ್ಣು ಕೊಡುತ್ತಿರಲಿಲ್ಲವಲ್ಲ ಎಂದರು ನಮ್ಮ ಮನೆಯವರು. ಹೆಣ್ಣು ಕೊಡುತ್ತಿರಲಿಲ್ಲ ಎಂಬ ಆ ಮಾತು ಹೇಳುವಾಗ ಮಾತ್ರ ತಲೆಯೆತ್ತಿ ಪಡಸಾಲೆಯಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಹಿಂದಿನ ಸಂಜೆ ಅವರ ಬಾಯಲ್ಲಿ ಉಳಿದ ಮಾತು ಇದೇ ಎಂದು ನನಗೆ ಆಗ ಹೊಳೆಯಿತು.

ಡಾಕ್ಟರ ಬಾಯಿ ನಗಲಿಲ್ಲ, ಅದನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಎಲ್ಲರನ್ನೂ ಕರೆದು ನೆರಳಿನಲ್ಲಿ ಕೂರಿಸಿ ತಿಳಿಹೇಳಿದರು. ಬಹಳ ಹಿಂದೆ ಪರದೇಶದ ವೈದ್ಯರು ಕುರಿಮರಿಯ ರಕ್ತವನ್ನು ಮನುಷ್ಯರ ನರಕ್ಕೆ ಹಾಕಿ ನೋಡಿದ್ದರಂತೆ. ನಿಮಗೆ ಬಂದ ಯೋಚನೆಯೇ ಅವರಿಗೂ ಬಂದಿತ್ತು ಎಂದರು. ಕೆಲವರು ಸತ್ತ ಮೇಲೆ ಅದನ್ನು ಕೈಬಿಟ್ಟರಂತೆ. ಅವ್ವನಿಗೆ ಬರೀ ಮಾತಿನಿಂದ ಸಮಾಧಾನವಾಗಲಿಲ್ಲ. ಆಗ ಅವರು ಅವ್ವನನ್ನು ಒಳಗೆ ಕರೆದೊಯ್ದು, ಪರೀಕ್ಷೆಗೆಂದು ತೆಗೆದಿಟ್ಟ ನನ್ನ ರಕ್ತದ ಮೇಲೆ ನಿಂತ ತಿಳಿಯನ್ನು ಗಾಜಿನ ಮೇಲೆ ಒಂದು ಹನಿ ಹಾಕಿ, ಅದರಲ್ಲಿ ಕುರಿಯ ರಕ್ತದ ಹನಿ ಬೆರೆಸಿ ತೋರಿಸಿದರು. ನೋಡನೋಡುತ್ತ ಹಾಲು ಒಡೆದಂತೆ ಒಡೆದು ಹರಳು ಹರಳಾಯಿತಂತೆ. ಒಡೆದ ಹಾಲು ಎಂದರೇನೆಂದು ಅವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಯಿಗೆ ಸೆರಗು ಹಿಡಿದುಕೊಂಡು ಹೊರಗೆ ಬಂದಳು.

ಹಾಗಾದರೆ ಅಷ್ಟು ರಕ್ತ ತೆಗೆದು ಏನು ಮಾಡುತ್ತೀರಿ ಎಂದು ಅಪ್ಪ ಕೇಳಿದ. ಗಾಜಿನ ತಟ್ಟೆಯಲ್ಲಿ ಗಂಜಿಯಂತೆ ಗಟ್ಟಿಯಾಗುವ ಒಂದು ಪದಾರ್ಥದ ಜೊತೆ ಅದನ್ನು ಬೆರೆಸಿ ಇಡುತ್ತಾರೆ, ರೋಗಿಯ ಕೀವನ್ನೋ ಗಂಟಲಿನ ಲೋಳೆಯನ್ನೋ ಅದರ ಮೇಲೆ ಸವರಿದರೆ ರೋಗದ ಕ್ರಿಮಿಗಳು ಆ ರಕ್ತ ತಿಂದು ಕಣ್ಣಿಗೆ ಕಾಣುವಷ್ಟು ಬೆಳೆಯುತ್ತವೆ ಎಂದು ಡಾಕ್ಟರ ಬಾಯಿ ಹೇಳಿದರು. ದೊಡ್ಡಣ್ಣ ತನ್ನ ಅವಮಾನವನ್ನೆಲ್ಲ ಅಲ್ಲೇ ತೀರಿಸಿಕೊಂಡ.

"ಅಂದ್ರ ನಮ್ಮ ಮನಿ ಅಳಿಯಾ ರೋಗಕ್ಕ ಮೇವು ಹಾಕಾಂವ."

ಮಂದಿ ನಕ್ಕರು. ಅವ್ವ ಮಾತ್ರ ದೊಡ್ಡಣ್ಣನ ಕಡೆ ತಿರುಗಿ, ಕುರಿಯ ಹಗ್ಗವನ್ನು ಅವನ ಕೈಗೆ ತುರುಕಿದಳು. "ಈ ಮೂಕ ಜೀವ ನನ್ನ ಹಿಂದ ಸುಮ್ಮನ ನಡಕೋತ ಬಂದೈತಿ. ನೀವು ಧೋತ್ರ ಕೈಯಾಗ ಹಿಡಕೊಂಡ ಓಡೀರಿ. ಈಗ ಒಳಗ ನಡೀರಿ."

ಒಳಗೆ ನಡೆದರು. ಇಬ್ಬರದೂ ಕೂಡಿತು. ರಕ್ತ ಕೊಟ್ಟು ಬಂದ ಸಣ್ಣಣ್ಣ ತಾನಿನ್ನೂ ಗಂಡಸಾಗಿಯೇ ಇದ್ದೇನೆಯೇ ಎಂದು ತೋಳು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ನನ್ನ ಅಂಗೈಗೆ ಬಣ್ಣ ಬಂತು.

ಆದರೆ ಅವತ್ತಿನಿಂದ ನಮ್ಮ ಮನೆಯವರ ಮಾತಿಗೆ ನನ್ನ ತವರಿನಲ್ಲಿ ತೂಕ ಉಳಿಯಲಿಲ್ಲ. ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ ಎಂದು ಡಾಕ್ಟರ ಬಾಯಿ ಹೇಳಿದ್ದರು, ಇವರೂ ಹೇಳಿದರು. ಮೊದಲ ಹೆರಿಗೆ ತವರಿನಲ್ಲೇ ಎಂದು ಅಪ್ಪ ಹಟ ಹಿಡಿದ. ರೋಗಕ್ಕೆ ಮೇವು ಹಾಕುವವನ ಮಾತು ಯಾರು ಕೇಳಬೇಕು ಎಂದು ಅಣ್ಣಂದಿರು ಮೂಗು ಮುರಿದರು. ನಾನೂ ತವರಿಗೆ ಹೋಗಲು ತಯಾರಾಗಿ ಕೂತೆ. ಒಂದು ಕಡೆ ಅವ್ವನ ಕೈಯಡುಗೆಯ ಆಸೆ. ಇನ್ನೊಂದು ಕಡೆ, ನಾನಿಲ್ಲದ ಮನೆ ಇವರಿಗೆ ಹೇಗಿರುತ್ತದೆಂದು ತಿಳಿಯಲಿ ಎಂಬ ಹಟ. ಬಸ್ಸು ಹತ್ತಿಸಲು ಬಂದವರ ಕೈಯಲ್ಲಿ ಸೊಪ್ಪಿನ ಚೀಲವಿತ್ತು. ಅಲ್ಲಿಂದ ಸೀದಾ ಅವಳ ಹತ್ತಿರ ಹೋಗುವವರಿದ್ದರು. ರಕ್ತದ ವಿಷಯ ತಿಳಿದ ಮೇಲೂ ನನ್ನ ಹೊಟ್ಟೆಯ ಕಿಚ್ಚು ಆರಿರಲಿಲ್ಲ. ಅವಳು ನನಗೆ ರಕ್ತ ಕೊಡಲಾರಳು ಎಂದು ತಿಳಿದರೇನಾಯಿತು, ಸೊಪ್ಪು ತಿನ್ನುವುದನ್ನು ಬಿಟ್ಟಿದ್ದಳೇ?

ಊರಿನ ಸೂಲಗಿತ್ತಿಯ ಕೈಯಲ್ಲಿ ಮಗಳು ಹುಟ್ಟಿದಳು. ಹೆರಿಗೆ ಸಲೀಸಾಗಿಯೇ ಆಯಿತು. ಆಮೇಲೆ ಜ್ವರ ಬಂತು. ಕಿಬ್ಬೊಟ್ಟೆಯಲ್ಲಿ ನೋವು, ಮೈಮೇಲೆ ರೊಟ್ಟಿ ಬೇಯುವಷ್ಟು ಕಾವು, ಹಲ್ಲು ಕಟಕಟ ಕಡಿಯುವ ನಡುಕ. ಅವ್ವ ಕಷಾಯ ಕುಡಿಸಿದಳು, ಬೆಚ್ಚಗೆ ಹೊದಿಸಿದಳು. ಕೊನೆಗೆ ನಾನು ಮಗಳನ್ನು ಗುರುತಿಸದೆ ಏನೇನೋ ಬಡಬಡಿಸತೊಡಗಿದಾಗ ಅಪ್ಪನೇ ಖಾನಾಪುರಕ್ಕೆ ಓಡಿ ಜೀಪು ತಂದ.

ಬೆಳಗಾವಿಯ ಅದೇ ಆಸ್ಪತ್ರೆ. ಮೊದಲು ಕೊಟ್ಟ ಔಷಧಿಗೆ ಜ್ವರ ಬಗ್ಗಲಿಲ್ಲ. ಯಾವ ಕ್ರಿಮಿ ಎಂದು ತಿಳಿಯದೆ ಕತ್ತಲಲ್ಲಿ ಕಲ್ಲು ಹೊಡೆದಂತಾಗುತ್ತದೆ, ಪರೀಕ್ಷೆಗೆ ಕಳಿಸೋಣ ಎಂದು ಡಾಕ್ಟರ ಬಾಯಿ ಅವ್ವನಿಗೆ ಹೇಳಿದ್ದು ನನಗೆ ಎಲ್ಲೋ ದೂರದಲ್ಲಿ ಕೇಳಿದಂತೆ ನೆನಪು. ಮರುದಿನ ಮುಂಜಾನೆ ಸ್ವಲ್ಪ ಎಚ್ಚರವಾಯಿತು. ಅವ್ವ ಹಾಸಿಗೆಯ ಪಕ್ಕದಲ್ಲಿ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ನಮ್ಮ ಮನೆಯವರು ಕಾಣಲಿಲ್ಲ. ಎಲ್ಲಿ ಎಂದು ಕೇಳಿದೆ.

"ಕುರಿ ಕೋಣಿಗೆ ಹೋಗ್ಯಾರ," ಅಂದಳು ಅವ್ವ. ಅಂದು, ಮುಖ ಆಚೆ ತಿರುಗಿಸಿದಳು.

ನಾನು ಸಾಯುತ್ತಿದ್ದೇನೆ, ಅವರು ಅವಳ ಹತ್ತಿರ ಹೋಗಿದ್ದಾರೆ. ಆ ಗಳಿಗೆಯಲ್ಲಿ ನನ್ನ ಮೈಯನ್ನು ಸುಡುತ್ತಿದ್ದುದು ಜ್ವರವೋ ಮತ್ತೊಂದೋ ನನಗೆ ತಿಳಿಯದು. ಗೋಡೆಯ ಕಡೆ ಹೊರಳಿ ಮಲಗಿದೆ. ಸಾಯಬಾರದು ಎಂದು ಗಟ್ಟಿಯಾಗಿ ಅಂದುಕೊಂಡೆ. ಮಗಳಿಗಾಗಿ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಖರೇ ಹೇಳುತ್ತೇನೆ, ಅವತ್ತು ಮಗಳಿಗಾಗಿ ಅಲ್ಲ. ಇವರನ್ನು ಆ ಕುರಿಗೆ ಬಿಟ್ಟುಕೊಡಬಾರದೆಂದು.

ಮಧ್ಯಾಹ್ನ ನಮ್ಮ ಮನೆಯವರು ಸ್ನಾನ ಮಾಡಿ ಬಂದರು. ನಾನು ಕಣ್ಣು ತೆರೆಯಲಿಲ್ಲ. ಅದರ ಮರುದಿನ ಔಷಧಿ ಬದಲಾಯಿತು. ಹೊಸ ಇಂಜೆಕ್ಷನ್ನು ಶುರುವಾಯಿತು. ಜ್ವರ ಮೆಲ್ಲಗೆ ಇಳಿಯತೊಡಗಿತು. ಬೆವರು ಒಡೆಯಿತು, ಹಸಿವಾಯಿತು, ಎದೆಗೆ ಮಗಳನ್ನು ಹಾಕಿಕೊಂಡೆ. ನಮ್ಮ ಮನೆಯವರು ಬರುತ್ತಿದ್ದರು, ಕಾಲ ಬುಡದಲ್ಲಿ ನಿಂತು ಹೋಗುತ್ತಿದ್ದರು. ಮಗಳನ್ನು ಎತ್ತಿಕೊಳ್ಳಿ ಎಂದು ಅವ್ವ ಹೇಳಿದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನಾನು ಮಾತು ಬಿಟ್ಟಿದ್ದೆ.

ಮನೆಗೆ ಹೋಗುವ ದಿನ ಡಾಕ್ಟರ ಬಾಯಿ ನಮ್ಮನ್ನು ಪರೀಕ್ಷೆ ಮಾಡುವ ಕೋಣೆಗೆ ಕರೆದರು. ಗೇಟಿನ ಹತ್ತಿರ ಆದದ್ದನ್ನು ಅವರು ಮರೆತಿರಲಿಲ್ಲವೆಂದು ಕಾಣುತ್ತದೆ. ಕಪಾಟಿನಿಂದ ಒಂದು ಗಾಜಿನ ತಟ್ಟೆ ತೆಗೆದು, ಮುಟ್ಟಬೇಡಿ ಎಂದು ಹೇಳಿ, ಕಿಟಕಿಯ ಬೆಳಕಿಗೆ ಹಿಡಿದರು. ಕಡು ಕೆಂಪು ಬಣ್ಣದ ಹೆಪ್ಪು. ಅದರ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಒಂದೊಂದು ಚುಕ್ಕೆಯ ಸುತ್ತಲೂ ಕೆಂಪು ಪೂರ್ತಿ ಹೋಗಿ, ಆಚೆಯ ಬೆಳಕು ಕಾಣುವಂತೆ ತೆಳ್ಳಗಾಗಿತ್ತು.

"ಈ ಚುಕ್ಕಿಗಳು ನಿನ್ನ ಮೈಯಾಗ ಇದ್ವು," ಅಂದರು. "ಹೆಂಗ ರಕ್ತಾ ತಿಂದಾವ ನೋಡು. ಇದು ಕಂಡ ಮ್ಯಾಲೆ ಯಾವ ಔಷಧ ಕೊಡಬೇಕಂತ ತಿಳೀತು. ಅವತ್ತ ತಟ್ಟಿ ಒಂದೂ ಉಳಿದಿದ್ದಿಲ್ಲ, ನಿನ್ನ ಗಂಡ ಮುಂಜಾನೆ ಎದ್ದ ರಕ್ತ ತಗದ ಕೊಟ್ಟ."

ನಾನು ತಟ್ಟೆಯನ್ನು ನೋಡುತ್ತಲೇ ಇದ್ದೆ. ನನಗೆ ಕೇಳಬೇಕಾದ್ದು ಒಂದೇ ಉಳಿದಿತ್ತು. ಯಾವ ಕುರಿಯದು ಎಂದು ಕೇಳಿದೆ. ಡಾಕ್ಟರ ಬಾಯಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕುರಿ ಕುರಿಯೇ ಅಲ್ಲವೇ ಎನ್ನುವಂತೆ ನಮ್ಮ ಮನೆಯವರ ಮುಖ ನೋಡಿದರು. ಅವರು ಬಾಗಿಲ ಹತ್ತಿರ ನಿಂತಿದ್ದರು.

"ಅಕೀದು," ಅಂದರು.

ನಾನು ಅಳಲು ಶುರು ಮಾಡಿದೆ. ಡಾಕ್ಟರ ಬಾಯಿ ನನ್ನ ಬೆನ್ನು ಸವರಿ, ಆಯಿತು, ಎಲ್ಲ ಮುಗಿಯಿತಲ್ಲ, ಬದುಕಿದೆಯಲ್ಲ ಎಂದರು. ಸಂತೋಷದ ಅಳು ಎಂದು ತಿಳಿದಿದ್ದರು. ಸಂತೋಷದ್ದಾಗಿರಲಿಲ್ಲ ಅದು. ಅವಳನ್ನು ಬೈಯಲು ನನ್ನ ಹತ್ತಿರ ಇದ್ದದ್ದು ಒಂದೇ ಮಾತು, ನನಗೆ ಬೇಕಾದಾಗ ರಕ್ತ ಕೊಡಲಿಲ್ಲ ಎಂಬುದು. ಅದನ್ನೂ ಅವಳು ಕಸಿದುಕೊಂಡಿದ್ದಳು. ನನ್ನನ್ನು ತಿನ್ನಬೇಕಾಗಿದ್ದ ಕ್ರಿಮಿ ಮೊದಲು ಅವಳ ರಕ್ತವನ್ನು ತಿಂದು ಸಿಕ್ಕಿಬಿದ್ದಿತ್ತು. ಇನ್ನು ಜೀವವಿರುವ ತನಕ ಅವಳ ಹಂಗಿನಲ್ಲಿ ಇರಬೇಕಾಯಿತಲ್ಲ ಎಂದು ನಾನು ಅತ್ತೆ.

ಹೊರಗೆ ಬಂದೆವು. ಅವ್ವ ಪಡಸಾಲೆಯಲ್ಲಿ ಮಗಳನ್ನು ಎತ್ತಿಕೊಂಡು ಕಾಯುತ್ತಿದ್ದಳು. ನಮ್ಮ ಮನೆಯವರು ಗಂಟು ಎತ್ತಿಕೊಂಡು ಮುಂದೆ ನಡೆಯತೊಡಗಿದರು. ಮಗಳು ಹುಟ್ಟಿದಾಗಿನಿಂದ ಆ ಮನುಷ್ಯ ಅವಳನ್ನು ಮುಟ್ಟಿರಲಿಲ್ಲ. ಕುರಿ ಹಿಡಿಯುವ ಕೈ, ಮೊದಲೇ ಬಾಣಂತಿಗೆ ಜ್ವರ, ಕೂಸಿಗೆ ಏನಾದರೂ ಆದೀತೆಂದು ಹೆದರಿದ್ದಾರೆ ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿದಳು. ನಾನು ಅವ್ವನ ಕೈಯಿಂದ ಮಗಳನ್ನು ತೆಗೆದುಕೊಂಡು ಬೇಗ ಬೇಗ ನಡೆದು ಅವರ ಎದುರಿಗೆ ಹೋಗಿ ನಿಂತೆ. ಗಂಟು ಕೆಳಗಿಡಿ ಎಂದೆ. ಇಟ್ಟರು. ಕೈ ಚಾಚಿ ಎಂದೆ. ಹೆದರುತ್ತ ಚಾಚಿದರು. ಮಗಳನ್ನು ಆ ಎರಡು ಕೈಗಳ ಮೇಲೆ ಮಲಗಿಸಿದೆ.

"ಸರಿಯಾಗಿ ನೋಡ್ರಿ," ಅಂದೆ. "ಇದು ಅಕಿ ಕೊಟ್ಟಿದ್ದಲ್ಲ. ನಾ ಕೊಟ್ಟಿದ್ದು."